ಕ್ಯಾಮೆರಾ ಮುಂದಿನ ಅಮ್ಮ

ಬೆಳಿಗ್ಗೆ ಮಗಳು ಉನ್‌ಮಿಯ ಜಡೆ ಹೆಣೆದು ಕಳಿಸಿದವಳು ಚುನ್‌ಹೀ. ಪಕ್ಕದ ಮನೆಯ ಸೊಲ್‌ಹ್ವಾ ಅದನ್ನು ಬಿಚ್ಚಿ, ಮತ್ತೆ ಬಾಚಿ, ಎರಡೂ ಕಡೆ ಕೆಂಪು ರಿಬ್ಬನ್ನಿನ ಹೂ ಕಟ್ಟಿದ್ದಳು. ತೆರೆದ ಬಾಗಿಲಿನಿಂದ ಅದು ಚುನ್‌ಹೀಗೆ ಕಂಡಿತು. ತಾನು ಹೆಣೆದ ಜಡೆಗೆ ಏನು ಕಡಿಮೆಯಾಗಿತ್ತಂತೆ?

ಪ್ಯೊಂಗ್ಯಾಂಗಿನ ಒಂದು ಸಾಮಾನ್ಯ ಕುಟುಂಬದ ದಿನಚರಿಯನ್ನು ಚಿತ್ರಿಸಲು ಹೊರದೇಶದ ತಂಡವೊಂದು ಬಂದಿತ್ತು. ಆ ಸಾಮಾನ್ಯ ಕುಟುಂಬವನ್ನು ಆರಿಸಿಕೊಟ್ಟವರು ಮೇಲಿನವರು. ಸೊಲ್‌ಹ್ವಾಳದು ಬಿಸಿಲು ಬೀಳುವ ಮನೆ, ಲಕ್ಷಣವಾದ ಮುಖ. ರೇಷ್ಮೆ ಗಿರಣಿಯಲ್ಲಿ ಮಾದರಿ ಕೆಲಸಗಾರ್ತಿ ಎಂದು ಪದಕವನ್ನೂ ಪಡೆದವಳು. ಇಲ್ಲದ್ದೆಂದರೆ ಮಗು ಮಾತ್ರ. ಉಸ್ತುವಾರಿಗೆ ಬಂದ ಕಾಮ್ರೇಡ್ ಪ್ಯಾಂಗ್ ಮೆಟ್ಟಿಲ ಮೇಲೆ ಹಾಡಿಕೊಂಡು ಕೂತಿದ್ದ ಉನ್‌ಮಿಯನ್ನು ನೋಡಿ, “ಇವಳಾಗ್ತಾಳೆ” ಎಂದುಬಿಟ್ಟ. ಬೇಡ ಎನ್ನುವ ರೂಢಿ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ.

ಅಲ್ಲಿ ಮಕ್ಕಳಿರುವ ಹೆಂಗಸರನ್ನು ಹೆಸರು ಹಿಡಿದು ಕರೆಯುವುದೂ ಇಲ್ಲ. ಮಗು ಹುಟ್ಟಿದ ದಿನದಿಂದ ಚುನ್‌ಹೀ ಎಲ್ಲರಿಗೂ ‘ಉನ್‌ಮಿ ಅಮ್ಮ’. ಸೊಲ್‌ಹ್ವಾ ಮಾತ್ರ ಇನ್ನೂ ಸೊಲ್‌ಹ್ವಾ. ಇವತ್ತು ಮಗಳ ಜೊತೆಗೆ ಆ ಹೆಸರೂ ಪಕ್ಕದ ಮನೆ ಸೇರಿತ್ತು.

ಚುನ್‌ಹೀಗೂ ಒಂದು ಪಾತ್ರ ಕೊಟ್ಟಿದ್ದರು. ಚಳಿಗಾಲಕ್ಕೆಂದು ಕಿಮ್ಚಿ, ಎಲೆಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ಕಾಲ. ಹೊಸ ಕಿಮ್ಚಿಯನ್ನು ನೆರೆಮನೆಗೆ ಕೊಡುವವಳಾಗಿ ಅವಳು ಬರಬೇಕು.

“ಅವಳು ಒಳಗೆ ಬಂದ ಕೂಡ್ಲೇ ನೀನು ಎದ್ದು ತಲೆ ಬಾಗಿಸ್ಬೇಕು. ಪಕ್ಕದ್ಮನೆ ಅತ್ತೆ, ಬನ್ನಿ ಅನ್ಬೇಕು” ಎಂದು, ತಂಡ ಒಳಗೆ ಬರುವ ಮೊದಲೇ, ಪ್ಯಾಂಗ್ ಹುಡುಗಿಗೆ ಕಲಿಸಿದ.

ಉನ್‌ಮಿ ಕಿಸಕ್ಕನೆ ನಕ್ಕಳು. “ಅಮ್ಮಂಗೆ ಅತ್ತೆ ಅನ್ಬೇಕಾ?”

“ನಿಮ್ಮಮ್ಮ ಇಲ್ಲೇ ಕೂತಿದಾಳಲ್ಲ,” ಎಂದು ಪ್ಯಾಂಗ್ ಸೊಲ್‌ಹ್ವಾಳತ್ತ ಬೆರಳು ತೋರಿಸಿದ.

ಹುಡುಗಿ ಚುನ್‌ಹೀಯನ್ನೂ ಸೊಲ್‌ಹ್ವಾಳನ್ನೂ ನೋಡಿ ತಲೆಯಾಡಿಸಿದಳು. ಆಟ ಅವಳಿಗೆ ಹಿಡಿಸಿತ್ತು.

ಬಟ್ಟಲು ಹಿಡಿದು ಹೊರಗೆ ನಿಂತಾಗ ಚುನ್‌ಹೀಗೆ ಒಂದು ಕೆಟ್ಟ ಆಸೆ ಹುಟ್ಟಿತು. ಮಗಳು ತಪ್ಪಬೇಕು, ಸೊಲ್‌ಹ್ವಾಳನ್ನು ಅಮ್ಮ ಎನ್ನಲು ಅವಳ ನಾಲಿಗೆ ಏಳಬಾರದು. ಮರುಗಳಿಗೆಯೇ ಆ ಆಸೆಗೆ ಅವಳೇ ಹೆದರಿದಳು. ಚಿತ್ರಿಸಿದ್ದನ್ನೆಲ್ಲ ಪ್ಯಾಂಗ್‌ನ ಕಡೆಯವರು ಸಂಜೆ ಕೂತು ನೋಡುತ್ತಾರೆ. ಮಗು ತಪ್ಪಿದರೆ ಎರಡೂ ಮನೆಯವರನ್ನು ಈ ನಗರದಿಂದಲೇ ಹೊರಹಾಕಿಯಾರು.

ಅವಳು ಬಾಗಿಲು ತಟ್ಟಿದಳು. ಒಳಗಿಂದ ಸೊಲ್‌ಹ್ವಾಳ ಗಂಡ, ಹೇಳಿಕೊಟ್ಟಿದ್ದಂತೆ, ಹೆಂಡತಿಯನ್ನು ಕೂಗಿದ: “ಉನ್‌ಮಿ ಅಮ್ಮಾ, ಯಾರೋ ಬಂದ್ರು ನೋಡು!”

“ಹಾಂ, ಬಂದೆ!” ಎಂದಳು ಚುನ್‌ಹೀ, ಬಾಗಿಲ ಹೊರಗಿಂದ.

ಮಾತು ಬಾಯಿಂದ ಬಿದ್ದಾಗಿತ್ತು. ಕ್ಯಾಮೆರಾ ಹಿಡಿದಿದ್ದ ಹೊರದೇಶದ ಹೆಂಗಸು ತಟ್ಟನೆ ಬಾಗಿಲತ್ತ ತಿರುಗಿ ಏನೋ ಕೇಳಿದಳು. ದುಭಾಷಿ ಪ್ಯಾಂಗ್‌ನ ಮುಖ ನೋಡಿದ. ಪ್ಯಾಂಗ್‌ನ ಮುಖ ಸುಣ್ಣದಂತಾಗಿತ್ತು.

ಸೊಲ್‌ಹ್ವಾ ನಗುತ್ತಾ ಎದ್ದಳು. “ನಮ್ಮ ಕಟ್ಟಡದಲ್ಲಿ ಹೀಗೇ. ಒಂದು ಮಗುವಿನ ಅಮ್ಮನ್ನ ಕೂಗಿದ್ರೆ ಎಲ್ಲ ಅಮ್ಮಂದಿರೂ ಓಗೊಡ್ತೀವಿ.”

ದುಭಾಷಿ ಅದನ್ನು ಸರಸರನೆ ಒಪ್ಪಿಸಿದ. ಕ್ಯಾಮೆರಾದ ಹೆಂಗಸು ಮೆಚ್ಚಿ ತಲೆಯಾಡಿಸಿದಳು. ಪ್ಯಾಂಗ್‌ಗೆ ಜೀವ ಬಂತು. “ಭಲೆ! ಇದು ಇರ್ಲಿ. ಆದ್ರೆ ಈ ಮಾತನ್ನ ನೆರೆಯವಳೇ ಹೇಳ್ಲಿ, ಚೆನ್ನಾಗಿರುತ್ತೆ.”

ತನ್ನನ್ನು ಉಳಿಸಿದ ಮಾತು. ಅದನ್ನೇ ಈಗ ಚುನ್‌ಹೀ ತನ್ನ ಮಾತೆಂಬಂತೆ ಹೇಳಬೇಕಿತ್ತು.

“ನಗ್ತಾ ಹೇಳು ತಾಯಿ! ಹಲ್ಲುನೋವು ಬಂದವಳ ಹಾಗೆ ನಿಂತಿದೀಯಲ್ಲ,” ಎಂದು ಪ್ಯಾಂಗ್ ರೇಗಿದ.

ಅವಳು ನಕ್ಕಳು. ಹೇಳಿದಳು. ಮತ್ತೊಮ್ಮೆ ಹೇಳಿಸಿದರು, ಹೇಳಿದಳು. ಅಷ್ಟರಲ್ಲಿ ಅವಳು ತಂದ ಕಿಮ್ಚಿಯನ್ನು ಸೊಲ್‌ಹ್ವಾ ಉದ್ದಕ್ಕೆ ಸೀಳಿ ಮಡಿಲಲ್ಲಿದ್ದ ಹುಡುಗಿಯ ಬಾಯಿಗಿಟ್ಟಳು. ಉನ್‌ಮಿ ಮರಿಹಕ್ಕಿಯಂತೆ ಬಾಯಿ ತೆರೆದಳು.

“ಅಮ್ಮಾ, ಇನ್ನೊಂದು!”

ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ತಂಡ ಹೋದ ಮೇಲೆ ಪ್ಯಾಂಗ್‌ನ ಆಳುಗಳು ಮೇಜಿನ ಮೇಲೆ ಜೋಡಿಸಿದ್ದ ಹಣ್ಣು, ಹೊಸ ಪರದೆ, ಹೂದಾನಿ ಎಲ್ಲವನ್ನೂ ಹೊತ್ತುಕೊಂಡು ಹೋದರು. ಉನ್‌ಮಿ ಮನೆಗೆ ಬಂದಳು. ಚುನ್‌ಹೀ ಮೊದಲು ಮಾಡಿದ ಕೆಲಸ ರಿಬ್ಬನ್ ಬಿಚ್ಚಿದ್ದು.

“ನೋಯುತ್ತೆ ಅಮ್ಮಾ, ಮೆಲ್ಲಗೆ.”

“ಅವಳು ಬಾಚಿದಾಗ ನೋಯ್ಲಿಲ್ವಾ?”

“ಇಲ್ಲ,” ಎಂದಳು ಹುಡುಗಿ. ಚುನ್‌ಹೀಯ ಕೈ ಇನ್ನಷ್ಟು ಬಿಗಿಯಾಯಿತು.

ಬಾಗಿಲ ಸದ್ದಾಯಿತು. ಸೊಲ್‌ಹ್ವಾ ಬಟ್ಟಲು ಹಿಡಿದು ನಿಂತಿದ್ದಳು. ಒಳಗೆ, ಬಟ್ಟೆ ಮುಚ್ಚಿದ ಒಂದು ಸೇಬು.

“ಬಟ್ಟಲು ಖಾಲಿ ವಾಪಸ್ ಕೊಡಬಾರ್ದಲ್ಲ.”

“ಎಲ್ಲಾ ತಗೊಂಡು ಹೋದ್ರಲ್ಲ?”

“ಇದು ನನ್ನ ಅಂಗಿ ತೋಳಿನ ಒಳಗಿತ್ತು,” ಎಂದು ಸೊಲ್‌ಹ್ವಾ ಪಿಸುಗುಟ್ಟಿದಳು. “ತಗೊಳ್ಳಿ... ಉನ್‌ಮಿ ಅಮ್ಮ.” ಆ ಹೆಸರು ಹೇಳುವಾಗ ಅವಳ ನಾಲಿಗೆ ಒಂದು ಕ್ಷಣ ತಡವರಿಸಿತು. ಕಣ್ಣು ಚುನ್‌ಹೀಯ ಭುಜದಾಚೆ, ಹುಡುಗಿಯ ಅರ್ಧ ಬಿಚ್ಚಿದ ಕೂದಲಿನ ಮೇಲಿತ್ತು.

ಬಾ, ಒಂದು ಗಳಿಗೆ ಕೂತು ಹೋಗು ಎನ್ನಬೇಕಿತ್ತು. ಚುನ್‌ಹೀಗೆ ಅದು ಗೊತ್ತಿತ್ತು. ಆದರೂ ಬಾಗಿಲ ತುಂಬ ನಿಂತೇ ಇದ್ದಳು. ಸೊಲ್‌ಹ್ವಾ ತಲೆ ಬಾಗಿಸಿ ಹೋದಳು. ಗೋಡೆಯಾಚೆ ಅವಳು ಪಾತ್ರೆ ತೊಳೆಯುವ ಸದ್ದು ಶುರುವಾಯಿತು. ಆ ಕಟ್ಟಡದ ಗೋಡೆಗಳು ತೀರಾ ತೆಳು.

ಚುನ್‌ಹೀ ಸೇಬನ್ನು ಹೆಚ್ಚಿ ಮಗಳ ಮುಂದಿಟ್ಟಳು.

“ಇದನ್ನ ಕೊಟ್ಟಿದ್ದು ಯಾರು, ಹೇಳು?”

“ಪಕ್ಕದ್ಮನೆ ಅತ್ತೆ.”

“ಕೇಳಿಸ್ಲಿಲ್ಲ. ಜೋರಾಗಿ ಹೇಳು ಚಿನ್ನ.”

“ಪಕ್ಕದ್ಮನೆ ಅತ್ತೆ!” ಉನ್‌ಮಿ ಬಾಯಿತುಂಬ ಸೇಬಿಟ್ಟುಕೊಂಡು ಕೂಗಿದಳು.

ಗೋಡೆಯಾಚೆ ಪಾತ್ರೆಯ ಸದ್ದು ನಿಂತಿತು. ಮತ್ತೆ ಶುರುವಾಗಲಿ ಎಂದು ಚುನ್‌ಹೀ ಕಾದಳು. ಕೈಯಲ್ಲಿದ್ದ ಹೋಳನ್ನು ಬಾಯಿಗಿಡಲು ಅವಳಿಂದಾಗಲಿಲ್ಲ.