ತುಂಗಿಯ ಸಿಹಿಹಿಟ್ಟು

ನಾನು ಒಂದು ಅಡಿಗೆಯ ವಹಿ. ಅಂಗಡಿಯಲ್ಲಿ ಹುಟ್ಟಿದ್ದಲ್ಲ, ಗದಗಿನ ಒಂದು ಮುದ್ರಣಾಲಯದ ಹಿಂದಿನ ಪಡಸಾಲೆಯಲ್ಲಿ, ಕಾದಂಬರಿಗಳು ಅಚ್ಚಾಗಿ ಉಳಿದ ತುಂಡು ಕಾಗದದಿಂದ ಹುಟ್ಟಿದೆ. ನನ್ನ ಹಾಳೆಗಳು ಒಂದಕ್ಕೊಂದು ಬಣ್ಣದಲ್ಲೂ ಹೊಂದುವುದಿಲ್ಲ, ಅಳತೆಯಲ್ಲೂ ಹೊಂದುವುದಿಲ್ಲ. ನೀಲಗಂಗವ್ವ ಅವನ್ನು ದಬ್ಬಳದಿಂದ ಹೊಲಿದು, ಮೈದಾ ಅಂಟು ಬಳಿದು, ಕೆಂಪು ಬಟ್ಟೆಯ ಬೆನ್ನು ಕೊಟ್ಟಳು. ರೂಪದ ಬಗ್ಗೆ ನಾನು ದೊಡ್ಡ ಮಾತಾಡಲಾರೆ, ಆದರೆ ಬೆನ್ನು ಇಂದಿಗೂ ಗಟ್ಟಿಯಾಗಿದೆ.

ಆ ಮುದ್ರಣಾಲಯದಲ್ಲಿ ನೀಲಗಂಗವ್ವನ ಕೆಲಸ ಫಾರಂ ಮಡಿಸುವುದು. ಒಂದು ದೊಡ್ಡ ಹಾಳೆಯ ಎರಡೂ ಬದಿ ಸೇರಿ ಹದಿನಾರು ಪುಟ ಅಚ್ಚಾಗಿ ಬರುತ್ತವೆ. ಅದೇ ಒಂದು ಫಾರಂ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಫಾರಂ ಪಾಲಿಗೆ ಬರುತ್ತದೆ. ಮೂರನೆಯದು ಇವಳಿಗೆ ಬಂದರೆ ಸಾವಿರ ಪ್ರತಿಗಳ ಮೂರನೆಯ ಫಾರಂ ಮಡಿಸುವವಳು ಇವಳೇ, ಉಳಿದ ಕತೆಯೆಲ್ಲ ಬೇರೆಯವರ ಕೈಯಲ್ಲಿ. ಮಸಿ ಕಲೆಸಿಹೋದ ರದ್ದಿ ಹಾಳೆಗಳನ್ನು ರೊಟ್ಟಿ ಸುತ್ತಲು ಮನೆಗೆ ಒಯ್ಯಬಹುದಿತ್ತು. ಅವಳು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಹಾಳೆಯನ್ನು ಓದುತ್ತಿದ್ದಳು. ಹೀಗೆ ನೂರಾರು ಕಾದಂಬರಿ ಓದಿದಳು, ಒಂದನ್ನೂ ಪೂರ್ತಿ ಓದಲಿಲ್ಲ.

ಯಾರು ಯಾರನ್ನು ಮದುವೆಯಾದರು ಎಂಬುದು ಅವಳಿಗೆ ಗೊತ್ತಾಗುತ್ತಲೇ ಇರಲಿಲ್ಲ, ಅದರ ಗೋಜಿಗೂ ಅವಳು ಹೋಗುತ್ತಿರಲಿಲ್ಲ. ಅವರು ಏನು ಉಂಡರು ಎಂಬುದನ್ನು ಮಾತ್ರ ಬಿಡುತ್ತಿರಲಿಲ್ಲ. ಈ ಕತೆ ಬರೆಯುವವರು ಉಪ್ಪು ಎಷ್ಟು, ಖಾರ ಎಷ್ಟು ಎಂದು ಹೇಳುವ ಪೈಕಿಯವರಲ್ಲ. ‘ಘಮಘಮಿಸುವ ಸಾರು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆ ಘಮ ಎಲ್ಲಿಂದ ಬಂದಿರಬಹುದೆಂದು ನೀಲಗಂಗವ್ವ ಮೂರು ಸಲ ಅಡಿಗೆ ಕೆಡಿಸಿ, ನಾಲ್ಕನೆಯ ಸಲ ಸರಿಮಾಡಿ, ಆಮೇಲೆ ನನ್ನೊಳಗೆ ಬರೆಯುತ್ತಿದ್ದಳು. ಪತ್ತೇದಾರನೊಬ್ಬ ಕಳ್ಳನನ್ನು ಕಾಯುತ್ತ ತಿಂದ ಬದನೆಕಾಯಿ ಭಜಿ ನನ್ನಲ್ಲಿದೆ. ಹಡಗಿನವನು ಕುದಿಸಿದ ಹುಣಸೆ ಸಾರೂ ಇದೆ. ಇಂಥ ಓದುಗರು ಎಷ್ಟು ಜನ ಇದ್ದಾರೋ ನನಗೆ ತಿಳಿಯದು. ನನಗೆ ಇವಳೊಬ್ಬಳೇ ಸಾಕು.

ಒಮ್ಮೆ ವತ್ಸಲಾಬಾಯಿ ಎಂಬ ಲೇಖಕಿಯ ಮೊದಲ ಕಾದಂಬರಿ ಅಚ್ಚಿಗೆ ಬಂತು. ಅದರಲ್ಲಿ ತುಂಗಿ ಎಂಬ ಹತ್ತು ವರ್ಷದ ಹುಡುಗಿ. ತಾಯಿ ಹಾಸಿಗೆ ಹಿಡಿದಿದ್ದಾಳೆ, ಇಬ್ಬರು ತಮ್ಮಂದಿರು ಒಲೆಯ ಮುಂದೆ ಹಸಿದು ಕೂತಿದ್ದಾರೆ. ನೀಲಗಂಗವ್ವನ ಪಾಲಿನ ಮೂರನೆಯ ಫಾರಂ ನಲವತ್ತೆಂಟನೆಯ ಪುಟಕ್ಕೆ ಮುಗಿಯುತ್ತಿತ್ತು: ‘ಬೆಲ್ಲದ ನೀರು ಕುದಿಯತೊಡಗಿತು. ತುಂಗಿ ಬೊಗಸೆಯಲ್ಲಿದ್ದ ಜೋಳದ ಹಿಟ್ಟನ್ನು’. ಮುಂದಿನದಕ್ಕೆ ಅವಳು ರದ್ದಿಯ ರಾಶಿ ಕೆದಕಿದಳು. ಅಡಿಯಲ್ಲಿ ಫಾರಂ ಸಂಖ್ಯೆ 4 ಎಂದಿದ್ದ ಹಾಳೆಯೊಂದು ಸಿಕ್ಕಿತು. ಅದು ಅದೇ ವಾರ ಅಚ್ಚಾಗುತ್ತಿದ್ದ ಬೇರೊಂದು ಕಾದಂಬರಿಯದು, ದೇಸಾಯರ ವಾಡೆಯ ಹಬ್ಬದೂಟದ ಪುಟ. ಅದು ಅವಳಿಗೆ ತಿಳಿಯಲಿಲ್ಲ, ಮಸಿ ಕಲೆಸಿ ಏಳೆಂಟು ಸಾಲಷ್ಟೇ ಓದಲು ಬರುತ್ತಿದ್ದವು. ಮೊದಲನೆಯದು ‘ತುಪ್ಪದಲ್ಲಿ ಕೆಂಪಗೆ ಹುರಿದು’ ಎಂದು ಶುರುವಾಗುತ್ತಿತ್ತು. ಆಮೇಲೆ ಗಸಗಸೆ, ಒಣಕೊಬ್ಬರಿ, ಏಲಕ್ಕಿ, ಮೇಲೆ ಕೆನೆಹಾಲು. ಎಲ್ಲರೂ ಹೊಟ್ಟೆ ತುಂಬ ಉಂಡರು ಎಂದೂ ಇತ್ತು. ನೀಲಗಂಗವ್ವ ಹಾಗೆಯೇ ಮಾಡಿದಳು, ಹಾಗೆಯೇ ಬರೆದಳು. ಒಂದು ಅನುಮಾನ ಮಾತ್ರ ಉಳಿಯಿತು, ಅದನ್ನು ಅಂಚಿನಲ್ಲಿ ಬರೆದುಕೊಂಡಳು: ‘ತುಪ್ಪ ಎಲ್ಲಿಂದ ಬಂತು? ಬಾಜೂ ಮನಿಯವರು ಕೊಟ್ಟಿರಬೇಕು. ಒಳ್ಳೇ ಮಂದಿ.’

ಆ ಸಿಹಿ ಇಡೀ ಪ್ರೆಸ್ಸಿನಲ್ಲಿ ಹೆಸರಾಯಿತು. ಪುಸ್ತಕ ಬಿಡುಗಡೆಗೆ ಎರಡು ದಿನ ಇರುವಾಗ ವತ್ಸಲಾಬಾಯಿ ಬಂದರು. ಪ್ರೆಸ್ಸಿನ ಮಾಲಕ ಅಂದಾನೆಪ್ಪನವರು, ನಿಮ್ಮ ಕಾದಂಬರಿಯ ಅಡಿಗೆಯನ್ನೇ ನಿಮಗೆ ಉಣಿಸುತ್ತೇವೆ ಎಂದು ಹೆಮ್ಮೆಯಿಂದ ಬಟ್ಟಲು ತರಿಸಿದರು. ನೀಲಗಂಗವ್ವ ನನ್ನನ್ನು ಸೆರಗಿನಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು. ವತ್ಸಲಾಬಾಯಿಯವರು ಒಂದು ಚಮಚ ತಿಂದು, ಇದು ನನ್ನ ಪುಸ್ತಕದ್ದಲ್ಲ, ನನ್ನ ಪುಸ್ತಕದಲ್ಲಿ ತುಪ್ಪವೇ ಇಲ್ಲ ಎಂದರು.

ಅಂದಾನೆಪ್ಪನವರು ಪುಸ್ತಕದ ಕಟ್ಟುಗಳ ಕಡೆ ಧಾವಿಸಿದರು. ಫಾರಂ ಅದಲುಬದಲಾಗಿದ್ದರೆ ಸಾವಿರ ಪುಸ್ತಕದ ಹೊಲಿಗೆ ಬಿಚ್ಚಬೇಕು. ಬೆರೆಸಿದವಳಿಗೆ ಅಂದೇ ಮನೆಯ ದಾರಿ, ಆಮೇಲೆ ಊರಿನ ಯಾವ ಪ್ರೆಸ್ಸಿನಲ್ಲೂ ಅವಳಿಗೆ ಕೂರಲು ಜಾಗವಿಲ್ಲ. ಗಂಡನಿಲ್ಲದ ನೀಲಗಂಗವ್ವನ ಮನೆ ಆ ಕೆಲಸದ ಮೇಲೆಯೇ ನಿಂತಿತ್ತು. ಅವಳು ನನ್ನನ್ನು ಸೆರಗಿನೊಳಗೆ ಇನ್ನಷ್ಟು ಒತ್ತಿ ಹಿಡಿದಳು. ಮಾಲಕರು ಕಟ್ಟು ಬಿಚ್ಚಿ ಒಂದೊಂದೇ ಪ್ರತಿ ತೆಗೆದು ನೋಡಿದರು. ಹತ್ತು ನೋಡಿದರು, ಇಪ್ಪತ್ತು ನೋಡಿದರು, ಎಲ್ಲವೂ ಸರಿಯಾಗಿದ್ದವು. ತಪ್ಪಿದ್ದದ್ದು ನನ್ನೊಳಗೆ ಮಾತ್ರ.

ವತ್ಸಲಾಬಾಯಿ ನನ್ನನ್ನು ಕೇಳಿ ತೆಗೆದುಕೊಂಡರು. ಅಂಚಿನ ಬರಹದ ಮೇಲೆ ಅವರ ಬೆರಳು ತುಂಬ ಹೊತ್ತು ನಿಂತಿತ್ತು. ಆಮೇಲೆ ಹೊಸ ಪುಸ್ತಕ ತೆರೆದು ನಲವತ್ತೊಂಬತ್ತನೆಯ ಪುಟವನ್ನು ಎಲ್ಲರಿಗೂ ಕೇಳುವಂತೆ ಓದಿದರು: ‘ಮತ್ತೆ ಗಡಿಗೆಗೆ ಸುರಿದಳು. ಅದು ನಾಳೆಗೆ ಬೇಕು. ತಮ್ಮಂದಿರಿಗೆ ಬೆಲ್ಲದ ನೀರು ಕುಡಿಸಿ, ತಾನು ಬರಿಹೊಟ್ಟೆಯಲ್ಲಿ ಮಲಗಿದಳು.’

ನೀಲಗಂಗವ್ವನಿಗೆ ಮಾಲಕರು ಎದುರಿಗಿರುವುದೂ ಮರೆತುಹೋಯಿತು.

“ಅಕಿ ಉಣ್ಣಲೇ ಇಲ್ಲೇನ್ರೀ ಬಾಯಾರ?”

“ಇಲ್ಲವ್ವಾ,” ಎಂದರು ವತ್ಸಲಾಬಾಯಿ. “ಹಂಗಽ ಮಲಗಿಸಿಬಿಟ್ಟೆ. ಬರಿಯೋ ಮುಂದ ನನಗ ಅಳೂನೂ ಬರಲಿಲ್ಲ.”

ಈಗ ಬಂತು. ಕಣ್ಣೀರು ಒರೆಸಿಕೊಳ್ಳದೆಯೇ ಅವರು ಬಟ್ಟಲನ್ನು ಖಾಲಿ ಮಾಡಿದರು. ನೀಲಗಂಗವ್ವ ನಾಚಿಕೊಂಡು, ತಪ್ಪಾಯಿತೆಂದು ಆ ಹಾಳೆ ಹರಿಯಲು ಹೋದಳು. ಬಾಯಿಯವರು ಅವಳ ಕೈ ಹಿಡಿದರು.

“ಹರೀಬ್ಯಾಡ. ನನ್ನ ಪುಸ್ತಕದಾಗ ಅಕಿ ಹಸದಽ ಮಲಗಲಿ, ಅದು ಖರೇ ಅದ. ನಿನ್ನ ವಹಿಯೊಳಗ ಉಣ್ಣಲಿ.”

ಹೋಗುವಾಗ ಅವಳಿಗೊಂದು ಪ್ರತಿ ಕೊಟ್ಟು ಹೋದರು. ನೀಲಗಂಗವ್ವ ಆಯುಷ್ಯದಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದ ಕಾದಂಬರಿ ಅದೊಂದೇ. ಓದಿ ಮುಗಿಸಿದ ದಿನ ಮಧ್ಯಾಹ್ನ ದಬ್ಬಳ ತೆಗೆದುಕೊಂಡು ಕೂತಳು. ನನ್ನ ಹೊಲಿಗೆ ಬಿಚ್ಚಿ ತುಂಗಿಯ ಹಾಳೆಯನ್ನು ಮೆಲ್ಲಗೆ ಬಿಡಿಸಿದಳು, ಪುಸ್ತಕದ ಹೊಲಿಗೆಯನ್ನೂ ಬಿಚ್ಚಿದಳು. ಯಾವ ತಪ್ಪಿನ ಭಯಕ್ಕೆ ಅಂದು ನಡುಗಿದ್ದಳೋ ಅದನ್ನೇ ಈಗ ಬೇಕೆಂದೇ ಮಾಡಿದಳು, ಅದೂ ಎಷ್ಟು ಅಚ್ಚುಕಟ್ಟಾಗಿ.

ಈಗ ಅವಳಿಲ್ಲ. ಫಾರಂ ಮಡಿಸಲು ಯಂತ್ರ ಬಂದಿದೆ. ಅವಳ ಸೊಸೆ ರೇಣವ್ವ ನನ್ನನ್ನು ಕೆಲವು ಕಾಲ ಬಳಸಿದಳು, ಈಗ ಅವಳಿಗೆ ಎಲ್ಲ ಬಾಯಿಪಾಠ. ಬೆಲ್ಲ ಮೆತ್ತಿ ಹಾಳೆ ಅಂಟಿಕೊಂಡ ನಾನು ಅಡಿಗೆಮನೆಯ ಮೇಲಿನ ಹಲಗೆಯಲ್ಲಿ ಆ ಕಾದಂಬರಿಯ ಪಕ್ಕದಲ್ಲೇ ಇದ್ದೇನೆ. ನನ್ನಲ್ಲಿ ಒಂದು ಹಾಳೆ ಕಡಿಮೆ, ಅದರ ಬಗ್ಗೆ ನನಗೆ ಬಹಳ ಹೆಮ್ಮೆ. ಒಂಬೈನೂರ ತೊಂಬತ್ತೊಂಬತ್ತು ಪ್ರತಿಗಳಲ್ಲಿ ತುಂಗಿ ಹಸಿದು ಮಲಗುತ್ತಾಳೆ. ಈ ಮನೆಯ ಪ್ರತಿಯಲ್ಲಿ ನಲವತ್ತೆಂಟನೆಯ ಪುಟ ಮುಗಿದ ಮೇಲೆ ನನ್ನ ಹಾಳೆ ಬರುತ್ತದೆ, ಅದರಲ್ಲಿ ಅವಳು ಹೊಟ್ಟೆ ತುಂಬ ಉಣ್ಣುತ್ತಾಳೆ, ಆಮೇಲೆ ನಲವತ್ತೊಂಬತ್ತು ಬರುತ್ತದೆ.