ಹತ್ತಿಯ ಎಳೆ ಹಿಡಿದ ಅಲಗು

ನಾನು ಗಿಡ ಸವರುವ ಒಂದು ಕತ್ತರಿ. ತೋಟದ ಕೆಲಸದವರು ನನ್ನನ್ನು ಸಿಕೇಚರ್ ಎನ್ನುತ್ತಾರೆ. ಬಟ್ಟೆಯ ಕತ್ತರಿಗೆ ಎರಡು ಅಲಗುಗಳಿರುತ್ತವೆ, ನನಗಿರುವುದು ಒಂದೇ. ಎದುರು ಬದಿಯಲ್ಲಿರುವುದು ಕೊಕ್ಕೆಯಂತೆ ಬಾಗಿದ, ಹರಿತವಿಲ್ಲದ ದವಡೆ. ದವಡೆ ಕಡ್ಡಿಯನ್ನು ಹಿಡಿದು ನಿಲ್ಲಿಸುತ್ತದೆ, ಅಲಗು ಅದರ ಪಕ್ಕದಲ್ಲಿ ಜಾರಿ ಕತ್ತರಿಸುತ್ತದೆ. ನಡುವೆ ಒಂದು ತಿರುಪು, ಹಿಡಿಕೆಗಳ ಮಧ್ಯೆ ಒಂದು ಸ್ಪ್ರಿಂಗ್, ಮುಚ್ಚಿಡಲು ಒಂದು ಕೊಂಡಿ. ನನ್ನ ದೇಹ ಇಷ್ಟೇ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಚಿಕ್ಕ ಕಾರ್ಖಾನೆಯಲ್ಲಿ. ಅಲಗುಗಳಿಗೆ ಕೊನೆಯ ಹದ ಕೊಡುತ್ತಿದ್ದವರು ಪರಶುರಾಮ ಲೋಹಾರ ಎಂಬ ಹಿರಿಯರು. ಎರಡನೆಯ ಸಲ ಕಾಯಿಸುವಾಗ ಉಕ್ಕಿನ ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುವ ಒಂದು ಕ್ಷಣವಿದೆ. ಆಗಲೇ ಅದನ್ನು ಹೊರತೆಗೆಯಬೇಕು. ನೀಲಿಗೆ ಹೋದರೆ ಅಲಗು ಮೆತ್ತಗಾಗುತ್ತದೆ. ನನ್ನ ಸರದಿ ಬಂದಾಗ ಯಾರೋ ಅವರನ್ನು ಚಹಾಕ್ಕೆ ಕರೆದರು. ಅವರು ಅತ್ತ ತಿರುಗಲಿಲ್ಲ. ಅಂದು ತಣ್ಣಗಾದ ಆ ಒಂದು ಲೋಟ ಚಹಾಕ್ಕೆ ನಾನು ಇಂದಿಗೂ ಋಣಿ.

ನನ್ನ ಒಂದು ದೌರ್ಬಲ್ಯವನ್ನೂ ಇಲ್ಲಿಯೇ ಹೇಳಬೇಕು. ನನ್ನ ಉಕ್ಕಿಗೆ ಹರಿತ ಬೇಗ ಬರುತ್ತದೆ, ತುಕ್ಕೂ ಬೇಗ ಬರುತ್ತದೆ. ಮೈಮೇಲೆ ಎಣ್ಣೆಯ ತೆಳುಪದರ ಇರುವವರೆಗೆ ಮಾತ್ರ ನಾನು ಕ್ಷೇಮ.

ಧಾರವಾಡದ ಒಂದು ಆಸ್ಪತ್ರೆಯವರು ತಮ್ಮ ಹೂದೋಟಕ್ಕಾಗಿ ನನ್ನನ್ನು ತರಿಸಿದರು. ಅಲ್ಲಿನ ಮಾಲಿ ಹುಸೇನಸಾಬ. ಮೊದಲ ದಿನ ಅವರು ನನ್ನನ್ನು ಅಂಗೈಯಲ್ಲಿಟ್ಟು ತೂಗಿದರು, ಎರಡು ಸಲ ಗಾಳಿಯನ್ನು ಕತ್ತರಿಸಿದರು, ಆಮೇಲೆ ಹೇಳಿದರು:

"ಬಂದಿಯೇನಪಾ. ಹಸ್ತಾ ಮಳಿ ಮುಗೀಲಿ, ನಿನಗೂ ಕೆಲಸ ಐತಿ, ನನಗೂ ಐತಿ."

ಆಶ್ವಯುಜದಲ್ಲಿ ಮಳೆ ಹಿಂದೆ ಸರಿಯುತ್ತಿದ್ದಂತೆ ಆ ತೋಟದಲ್ಲಿ ಚಳಿಗಾಲದ ಸಿದ್ಧತೆ ಆರಂಭವಾಗುತ್ತಿತ್ತು. ಉದುರಿದ ಎಲೆಗಳನ್ನು ಗುಡಿಸಿ ಗುಂಡಿಗೆ ಹಾಕುವುದು, ಸೇವಂತಿಗೆಗೆ ಆಸರೆಯ ಕೋಲು ಕೊಡುವುದು, ಜರಡಿ ಹಿಡಿದ ಮಣ್ಣಿನಲ್ಲಿ ಪಿಟೂನಿಯಾ ಬೀಜ ಚೆಲ್ಲುವುದು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಗುಲಾಬಿಗೆ. ಹುಸೇನಸಾಬ ಬುಡದ ಮಣ್ಣನ್ನು ಬಿಡಿಸಿ ಬೇರುಗಳಿಗೆ ಮೂರು ದಿನ ಬಿಸಿಲು ತೋರಿಸುತ್ತಿದ್ದರು. ಆಮೇಲೆ ಗೊಬ್ಬರ ತುಂಬಿ ಮುಚ್ಚುತ್ತಿದ್ದರು. ಕಡ್ಡಿ ಸವರುವುದು ಅದರ ಬಳಿಕ. ಹೊರಮುಖವಾಗಿರುವ ಚಿಗುರುಮೊಗ್ಗನ್ನು ಹುಡುಕಬೇಕು, ಅದರ ಮೇಲೆ ಕಾಲು ಅಂಗುಲ ಬಿಡಬೇಕು, ನೀರು ನಿಲ್ಲದಂತೆ ಓರೆಯಾಗಿ ಕತ್ತರಿಸಬೇಕು. ಸುಮಾರು ನಲವತ್ತೈದು ದಿನಗಳಿಗೆ ಹೂವು. ಆ ಹೂಗಳು ವಾರ್ಡಿನ ಕಿಟಕಿಗಳಿಗೆ ಹೋಗುತ್ತಿದ್ದವು. ಅವುಗಳನ್ನು ಒಯ್ಯುತ್ತಿದ್ದವರು ನೀಲಗಂಗಾ ಹೊಸಮನಿ ಎಂಬ ನರ್ಸ್.

ಹನ್ನೊಂದು ವರ್ಷ ಹೀಗೆ ಕಳೆದವು. ಬಳಿಕ ಆ ಹೂದೋಟ ವಾಹನಗಳ ನಿಲುಗಡೆಯ ಜಾಗವಾಯಿತು. ನೀಲಗಂಗಾ ನಿವೃತ್ತರಾದದ್ದೂ ಅದೇ ವರ್ಷ. ಬೀಳ್ಕೊಡುಗೆಗೆ ಏನು ಬೇಕೆಂದು ಕೇಳಿದಾಗ ಅವರು ಹದಿನೆಂಟು ಗುಲಾಬಿ ಗಿಡಗಳನ್ನೂ ನನ್ನನ್ನೂ ಕೇಳಿದರಂತೆ. ಮಾಳಮಡ್ಡಿಯ ಅವರ ಮನೆಯ ಮುಂದೆ ಆ ಗಿಡಗಳು ಊರಿಕೊಂಡವು. ಕೆಲಸದಿಂದ ಆಗಲೇ ಬಿಡುಗಡೆಯಾಗಿದ್ದ ಹುಸೇನಸಾಬ ವಾರಕ್ಕೆರಡು ಸಲ ಬರತೊಡಗಿದರು. ಅವರು ಆಕೆಯನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು, ಆಕೆ ಅವರನ್ನು ಅಣ್ಣ ಎಂದು.

ಹುಸೇನಸಾಬರ ಎರಡೂ ಕಣ್ಣುಗಳಿಗೆ ಪೊರೆ ಬಂದದ್ದನ್ನು ಮೊದಲು ಅರಿತವನು ನಾನು. ಕಡ್ಡಿಗೆ ನನ್ನನ್ನು ತಾಗಿಸುವ ಮೊದಲು ಅವರ ಹೆಬ್ಬೆರಳು ಮೊಗ್ಗನ್ನು ತಡವಿ ಹುಡುಕಲಾರಂಭಿಸಿತ್ತು. ನೀಲಗಂಗಾ ಅವರಿಗೂ ಅದು ಗೊತ್ತಾಯಿತು.

"ಅಣ್ಣಾ, ಆಪರೇಷನ್ ಅರ್ಧಾ ತಾಸಿನ ಮಾತು. ನಾ ಬರ್ತೀನಿ ಜೋಡಿಗೆ."

"ಈಗ ಬೆಳಕರ ಕಾಣಸ್ತದ್ರಿ ಸಿಸ್ಟರ್. ಅದೂ ಹೋದ್ರ ಏನ್ ಮಾಡ್ಲಿ? ಕೈ ಚಲೋ ಅದಾವು, ನಡೀತದ ಬಿಡ್ರಿ."

ನಡೆಯುತ್ತಲೂ ಇತ್ತು. ಎರಡು ವರ್ಷ ಅವರು ಬೆರಳುಗಳಿಂದಲೇ ಗುಲಾಬಿ ಸವರಿದರು. ಒಂದು ಮೊಗ್ಗೂ ಹಾಳಾಗಲಿಲ್ಲ. ಆ ಕೆಲಸವೊಂದೇ ತಮ್ಮನ್ನು ಇನ್ನೂ ಮನುಷ್ಯರ ಲೆಕ್ಕದಲ್ಲಿ ಇಟ್ಟಿದೆ ಎಂದು ಅವರು ಗಿಡಗಳ ಹತ್ತಿರ ಹೇಳಿಕೊಳ್ಳುತ್ತಿದ್ದರು. ಮನುಷ್ಯರ ಹತ್ತಿರ ಹೇಳಿದ್ದನ್ನು ನಾನು ಕೇಳಿಲ್ಲ.

ಮೂರನೆಯ ವರ್ಷದ ಖಂಡೇನವಮಿ ಬಂತು. ಅಂದು ಈ ಸೀಮೆಯಲ್ಲಿ ಆಯುಧಗಳಿಗೆ, ಅಂದರೆ ದುಡಿಯುವ ಎಲ್ಲ ಸಲಕರಣೆಗಳಿಗೆ ಪೂಜೆ. ಅಲ್ಲಿಯವರೆಗೆ ನನಗೆ ಒಂದು ಬೊಟ್ಟು ಕುಂಕುಮ, ಒಂದು ಹೂವು ಸಲ್ಲುತ್ತಿತ್ತು. ಆ ವರ್ಷ ಪಕ್ಕದ ಮನೆಯ ಗೌರಕ್ಕ ಬಂದು ನೋಡಿ, "ಲಿಂಬಿಹಣ್ಣು ಚುಚ್ಚಲಾರದ್ದು ಅದೆಂಥಾ ಪೂಜಿರೀ?" ಎಂದರು.

ನೀಲಗಂಗಾ ಯಾವುದನ್ನೂ ಅರ್ಧ ಮಾಡುವವರಲ್ಲ. ಅವರು ಮೊದಲು ನನ್ನನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಕುದಿಸಿದರು, ಮೂವತ್ತು ವರ್ಷ ವಾರ್ಡಿನಲ್ಲಿ ಸಲಕರಣೆಗಳನ್ನು ಕುದಿಸಿದ ಕೈ ಅದು. ನನ್ನ ಮೈಮೇಲಿದ್ದ ಎಣ್ಣೆಯೆಲ್ಲ ಹೋಯಿತು. ಆಮೇಲೆ ಅಲಗಿನ ತುದಿಗೆ ರಸ ತುಂಬಿದ ಒಂದು ನಿಂಬೆಹಣ್ಣನ್ನು ಚುಚ್ಚಿ, ಕೈ ಮುಗಿದು ದೇವರ ಮುಂದೆ ಇಟ್ಟರು. ಪೂಜೆಗಿಟ್ಟ ಆಯುಧವನ್ನು ಕೂಡಲೇ ಎತ್ತಬಾರದಲ್ಲ. ಮೂರು ದಿನ ನಾನು ಹಾಗೆಯೇ ಇದ್ದೆ. ನನಗೆ ಆ ಗೌರವದಿಂದ ಸಂತೋಷವಾಗಿತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ಮೊದಲನೆಯ ರಾತ್ರಿಯೇ ಹುಳಿ ನನ್ನ ಉಕ್ಕನ್ನು ತಿನ್ನಲು ಆರಂಭಿಸಿತ್ತು. ಹಣ್ಣು ತೆಗೆದಾಗ ಅಲಗಿನ ತುದಿಯ ಭಾಗದಲ್ಲಿ, ಸಾಸಿವೆಗಿಂತ ಸಣ್ಣವಾದ ನಾಲ್ಕೈದು ಗುಳಿಗಳು ಬಿದ್ದಿದ್ದವು. ನೀಲಗಂಗಾ ಒರೆಸಿ, ಎಣ್ಣೆ ಹಚ್ಚಿ ನನ್ನನ್ನು ಹುಸೇನಸಾಬರ ಕೈಗೆ ಕೊಟ್ಟರು. ಗುಳಿಗಳು ಒಬ್ಬರಿಗೂ ಕಾಣಲಿಲ್ಲ.

ಮೊದಲ ಗಿಡದಲ್ಲಿಯೇ ಹುಸೇನಸಾಬರ ಕೈ ಒಮ್ಮೆ ತಡೆಯಿತು. "ಏನೋ ಅಡ್ಡ ಬಂದ್ಹಂಗಾತು" ಎಂದುಕೊಂಡರು. ತಮ್ಮ ಬೆರಳಿನ ಬಲವೇ ಕುಂದಿರಬೇಕೆಂದು ಇನ್ನಷ್ಟು ಒತ್ತಿದರು. ನಾನು ಕಡ್ಡಿಗಳ ತೊಗಟೆಯನ್ನು ಕತ್ತರಿಸುತ್ತಿರಲಿಲ್ಲ, ಜಜ್ಜುತ್ತಿದ್ದೆ. ಮಾತು ಬರುವಂತಿದ್ದರೆ ಅಂದು ನಾನು ಕೂಗಿ ಹೇಳುತ್ತಿದ್ದೆ. ಮರುದಿನ ಅಕಾಲದ ಒಂದು ಮಳೆ ಬಂದು, ಜಜ್ಜಿದ ಗಾಯಗಳಲ್ಲಿ ನೀರು ನಿಂತಿತು.

ಹತ್ತು ದಿನಗಳ ಬಳಿಕ ಕಡ್ಡಿಗಳ ತುದಿ ಕಪ್ಪಾಗಿ, ಆ ಕಪ್ಪು ಕೆಳಗಿಳಿಯತೊಡಗಿತು. ಹುಸೇನಸಾಬ ಒಂದೊಂದೇ ಕಡ್ಡಿಯನ್ನು ಮುಟ್ಟಿ ನೋಡಿದರು. ಒಣಗಿದ ತೊಗಟೆ ಬೆರಳಿಗೆ ಸುಕ್ಕುಸುಕ್ಕಾಗಿ ಸಿಗುತ್ತಿತ್ತು.

"ಎಷ್ಟ್ ಗಿಡ ಹಿಂಗ ಆಗ್ಯಾವ್ರಿ ಸಿಸ್ಟರ್?"

"ಹದಿನಾಲ್ಕು."

ಅವರು ನನ್ನನ್ನು ಮಡಚಿ, ಕೊಂಡಿ ಹಾಕಿ, ನೀಲಗಂಗಾ ಅವರ ಕೈಯಲ್ಲಿಟ್ಟರು.

"ಕೊಯ್ಯೋ ಜಾಗಾ ತಪ್ಪೇತಿ. ಕಣ್ಣಿಲ್ಲದವ ಇಷ್ಟ ದಿನ ಕತ್ತರಿ ಹಿಡದದ್ದ ತಪ್ಪು. ಬ್ಯಾರೆ ಮಾಲಿನ್ನ ನೋಡ್ಕೊಳ್ರಿ, ನಾ ಇನ್ನ ಬರಂಗಿಲ್ಲ."

"ಚಹಾ ಕುಡದು ಹೋಗೋ ಅಣ್ಣಾ."

"ಬ್ಯಾಡ್ರಿ."

ಗೇಟಿನವರೆಗೆ ಅವರು ಗೋಡೆಯನ್ನು ಹಿಡಿದು ನಡೆದರು. ಅದುವರೆಗೆ ಅವರು ಆ ಅಂಗಳದಲ್ಲಿ ಗೋಡೆ ಹಿಡಿದದ್ದನ್ನು ನಾನು ಕಂಡಿರಲಿಲ್ಲ.

ನೀಲಗಂಗಾ ಹಾಗೆಯೇ ಒಳಗೆ ಹೋಗಲಿಲ್ಲ. ಗಿಡಗಳ ಮುಂದೆ ಕುಳಿತು ಕಡ್ಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಪ್ರತಿಯೊಂದು ಕೊಯ್ತವೂ ಮೊಗ್ಗಿನ ಮೇಲೆ ಕಾಲು ಅಂಗುಲದಲ್ಲಿಯೇ ಇತ್ತು, ಪ್ರತಿಯೊಂದೂ ಓರೆಯಾಗಿತ್ತು. ಅಂದರೆ ಜಾಗ ತಪ್ಪಿರಲಿಲ್ಲ. ಇನ್ನೊಂದು ಸಂಗತಿಯೂ ಅವರ ಗಮನಕ್ಕೆ ಬಂತು: ಕಪ್ಪಾದವೆಲ್ಲ ತೆಳು ಕಡ್ಡಿಗಳು, ದಪ್ಪ ಕಡ್ಡಿಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಕಣ್ಣು ಕಾಣದವನ ತಪ್ಪು ಕಡ್ಡಿಯ ದಪ್ಪವನ್ನು ನೋಡಿ ಆಗುವುದಿಲ್ಲ. ದಪ್ಪ ಕಡ್ಡಿಯನ್ನು ಅಲಗಿನ ಬುಡದಿಂದ ಕತ್ತರಿಸುತ್ತಾರೆ, ತೆಳುವಾದುದನ್ನು ತುದಿಯಿಂದ. ಅವರು ನನ್ನತ್ತ ನೋಡಿದರು.

ಸೂಜಿಗಳನ್ನು ಕುದಿಸಿ ಮತ್ತೆ ಬಳಸುತ್ತಿದ್ದ ಕಾಲದ ನರ್ಸ್ ಆಕೆ. ಸೂಜಿಯ ಮೊನೆ ಕೆಟ್ಟಿದೆಯೇ ಎಂದು ಆಗ ಹತ್ತಿಯಲ್ಲಿ ಎಳೆದು ನೋಡುತ್ತಿದ್ದರು. ಕೆಟ್ಟಿದ್ದರೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ನೀಲಗಂಗಾ ಒಳಗಿನಿಂದ ಹತ್ತಿ ತಂದು ನನ್ನ ಅಲಗಿನ ಮೇಲೆ ಬುಡದಿಂದ ತುದಿಗೆ ಎಳೆದರು. ಅರ್ಧದವರೆಗೆ ಹತ್ತಿ ಸಲೀಸಾಗಿ ಜಾರಿತು. ಬಳಿಕ ಸಿಕ್ಕಿತು. ಒಂದು ಎಳೆ, ಮತ್ತೊಂದು, ಮತ್ತೂ ಒಂದು. ಸಿಕ್ಕಿಕೊಂಡ ಜಾಗ ಯಾವುದೆಂದು ಅವರಿಗೆ ತಿಳಿಯಲು ತಡವಾಗಲಿಲ್ಲ. ನಿಂಬೆಹಣ್ಣು ಚುಚ್ಚಿದ್ದು ಅವರ ಕೈಯೇ.

ಆಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಹತ್ತಿಯನ್ನು ಎಸೆದು, ನನ್ನನ್ನು ಸಾಣೆಗೆ ಕೊಟ್ಟು ಸುಮ್ಮನಿದ್ದಿದ್ದರೆ ಸತ್ಯ ನನ್ನೊಬ್ಬನಲ್ಲಿಯೇ ಉಳಿಯುತ್ತಿತ್ತು. ನೀಲಗಂಗಾ ನನ್ನನ್ನು ಟವೆಲಿನಲ್ಲಿ ಸುತ್ತಿ, ಮರುದಿನ ಬೆಳಿಗ್ಗೆ ಹೊಸಯಲ್ಲಾಪುರಕ್ಕೆ ನಡೆದರು. ಹುಸೇನಸಾಬ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ಅಣ್ಣಾ, ಕೈ ಕೊಡು."

"ಯಾಕ್ರಿ ಸಿಸ್ಟರ್, ನಾಡಿ ನೋಡ್ತೀರೇನು? ಇನ್ನೂ ಬಡೀತದ ಬಿಡ್ರಿ."

ಆಕೆ ಅವರ ಬೆರಳುಗಳಲ್ಲಿ ಹತ್ತಿಯನ್ನಿಟ್ಟು, ನನ್ನ ಅಲಗಿನ ಮೇಲೆ ನಿಧಾನವಾಗಿ ಎಳೆಸಿದರು. ಬೆರಳು ನಿಂತಿತು. ಅವರು ಮತ್ತೊಮ್ಮೆ ಎಳೆದರು, ಈ ಸಲ ತಾವಾಗಿಯೇ.

"ಇಲ್ಲಿ ಹಿಡೀತದ."

"ಅದು ನಾ ಲಿಂಬಿಹಣ್ಣು ಚುಚ್ಚಿದ ಜಾಗಾ. ಮೂರು ದಿನಾ ಇಟ್ಟಿದ್ದೆ. ನಿನ್ನ ಕೈ ಒಂದು ಕಡೇನೂ ತಪ್ಪಿಲ್ಲಣ್ಣಾ. ತಪ್ಪಿದ್ದು ನಂದು."

ಹುಸೇನಸಾಬ ಸ್ವಲ್ಪ ಹೊತ್ತು ನನ್ನನ್ನು ಸವರುತ್ತ ಕುಳಿತರು. ಅವರ ಭುಜಗಳು ಮೆಲ್ಲಗೆ ಅಲುಗಿದವು. ಅಳುತ್ತಿದ್ದಾರೆಂದು ನಾನು ಭಾವಿಸಿದೆ, ಅವರು ನಗುತ್ತಿದ್ದರು.

"ಕತ್ತರಿದು ಉಪ್ಪಿನಕಾಯಿ ಹಾಕೀರೇನ್ರಿ ಸಿಸ್ಟರ್?"

"ಹಾಕೀನಪಾ. ಖಾರ ಒಂದು ಕಡಿಮಿ ಬಿದ್ದದ."

"ಸಾಣೇಕಲ್ಲು ಒಳಗದ, ತರ್ರಿ. ದಿನಾ ಭಾಳ ಹ್ವಾದ್ವು. ಥಂಡಿ ಬಿದ್ರ ಚಿಗುರು ಏಳಂಗಿಲ್ಲ."

ಆ ಕಟ್ಟೆಯ ಮೇಲೆ ಒಂದು ಗಂಟೆ ಅವರು ನನ್ನನ್ನು ಮಸೆದರು. ಮಸೆಯುವುದು, ಹತ್ತಿ ಎಳೆಯುವುದು, ಮತ್ತೆ ಮಸೆಯುವುದು. ನನ್ನ ಅಲಗು ಒಂದು ನೂಲಿನಷ್ಟು ಸವೆಯಿತು. ಹತ್ತಿ ತಡೆಯಿಲ್ಲದೆ ಜಾರಿದ ಮೇಲೆಯೇ ಎದ್ದರು. ಅದೇ ಮಧ್ಯಾಹ್ನ ಕಪ್ಪಿನ ಕೆಳಗೆ, ಹಸಿರು ಮರ ಸಿಗುವವರೆಗೆ ಕೆಟ್ಟ ಕಡ್ಡಿಗಳನ್ನೆಲ್ಲ ಮತ್ತೆ ಕತ್ತರಿಸಿದೆವು. ಹಸಿರು ಸಿಕ್ಕಿತೇ ಎಂದು ಅವರು ಕೇಳುವುದು, ಆಕೆ ನೋಡಿ ಹೇಳುವುದು. ಪ್ರತಿ ಗಾಯಕ್ಕೂ ಆಕೆ ಮೈಲುತುತ್ತ ಮತ್ತು ಸುಣ್ಣದ ಲೇಪ ಹಚ್ಚಿದರು. ಕೊನೆಯ ಗಿಡದ ಬಳಿ ಕೈ ಒರೆಸಿಕೊಳ್ಳುತ್ತ ಹೇಳಿದರು:

"ನಾ ನನ್ನ ತಪ್ಪು ನಿನ್ನ ಮನೀತನಕ ಬಂದು ಒಪ್ಪಿಕೊಂಡೆ. ಈಗ ನಿನ್ನ ಪಾಳಿ. ಸೋಮವಾರ ಕಣ್ಣಿನ ದವಾಖಾನಿಗೆ ಹೋಗೂಣು."

"ಒಪ್ಪಲಿಲ್ಲಂದ್ರ?"

"ನಿನ್ನೂ ಸೋಡಾದಾಗ ಕುದಸ್ತೀನಿ."

ಎರಡು ಗಿಡಗಳು ಉಳಿಯಲಿಲ್ಲ. ಹದಿನಾರು ಚಿಗುರಿದವು, ಹೂವು ಡಿಸೆಂಬರಿನ ಬದಲು ಸಂಕ್ರಾಂತಿಗೆ ಬಂತು. ಅಷ್ಟರಲ್ಲಿ ಹುಸೇನಸಾಬರ ಬಲಗಣ್ಣಿನ ಪೊರೆ ತೆಗೆದಾಗಿತ್ತು. ಅವರು ಬಂದು ಹೂಗಳನ್ನು ಮೊದಲು ನೋಡಲಿಲ್ಲ. ಕಡ್ಡಿಗಳ ಮುಂದೆ ಬಗ್ಗಿ, ಕಾಣದ ಕಾಲದಲ್ಲಿ ತಾವು ಹಾಕಿದ ಹಳೆಯ ಕೊಯ್ತಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಹದಿನಾರನೆಯ ಗಿಡ ಮುಗಿದ ಮೇಲೆ, "ಚಹಾ ಮಾಡ್ರಿ ಸಿಸ್ಟರ್" ಎಂದರು.

ಇದಾಗಿ ಒಂಬತ್ತು ವರ್ಷಗಳಾದವು. ನನ್ನ ಸ್ಪ್ರಿಂಗ್ ಸೋತಿದೆ, ತಿರುಪಿನ ರಂಧ್ರ ಅಗಲವಾಗಿದೆ. ಅಲಗು ಸವೆದು ದವಡೆಯನ್ನು ಮುಟ್ಟುವುದಿಲ್ಲ. ಕಳೆದ ವರ್ಷ ಹೊಸ ಕತ್ತರಿ ಬಂತು. ನನ್ನನ್ನು ಗುಜರಿಗೆ ಹಾಕದೆ, ಅಂಗಳ ಕಾಣುವಂತೆ ಪಡಸಾಲೆಯ ಕಿಟಕಿಯಲ್ಲಿ ಇಟ್ಟಿದ್ದಾರೆ. ನನಗೆ ದೊರೆತದ್ದು ಹೆಚ್ಚೆಂದೇ ನನ್ನ ಭಾವನೆ. ಉಪಕರಣಕ್ಕೆ ತನ್ನ ದೋಷವನ್ನು ಹೇಳಿಕೊಳ್ಳುವ ಶಕ್ತಿಯಿಲ್ಲ; ಅದು ಮಾಡಿದ ಗಾಯದ ಹೊಣೆ ಹಿಡಿದವರ ಮೇಲೆ ಬೀಳುತ್ತದೆ. ನನ್ನ ಪರವಾಗಿ ಒಬ್ಬರು ಹೇಳಿದರು.

ಈ ವರ್ಷವೂ ಹಸ್ತಾ ಮಳೆ ಮುಗಿದಿದೆ. ಹುಸೇನಸಾಬರಿಗೆ ಈಗ ಬಗ್ಗಲು ಆಗುವುದಿಲ್ಲ. ಅವರು ಸ್ಟೂಲಿನ ಮೇಲೆ ಕುಳಿತು ಕಣ್ಣು ಮುಚ್ಚಿಕೊಂಡಿರುತ್ತಾರೆ. ಹೊಸ ಕತ್ತರಿ ಹಿಡಿದು ಗಿಡದ ಬುಡದಲ್ಲಿ ಕುಳಿತವರು ನೀಲಗಂಗಾ. ಒಂದು ಕಡ್ಡಿ ಬೀಳುತ್ತದೆ, ಮತ್ತೊಂದು.

"ಅದು ಒಂಚೂರು ಮ್ಯಾಲ ಆತು ನೋಡ್ರಿ."

"ಕಣ್ಣು ಮುಚ್ಚಿಕೊಂಡ ಕುಂತು ಹೆಂಗ ಹೇಳ್ತಿ ನೀ?"

"ಸಪ್ಪಳ ಕೇಳ್ತೈತ್ರಿ. ಇನ್ನೊಮ್ಮಿ ಕೊಯ್ರಿ."

ನನಗೂ ಹಾಗೆಯೇ ಕೇಳಿಸಿತ್ತು. ಆಕೆ ಗೊಣಗುತ್ತ ಮತ್ತೆ ಬಗ್ಗಿ, ಕಾಲು ಅಂಗುಲ ಅಳೆದು, ಇನ್ನೊಮ್ಮೆ ಕತ್ತರಿಸುತ್ತಾರೆ.