ನಲವತ್ತೆರಡನೆಯ ದಿನ

ಇನ್ನೂರ ಹನ್ನೆರಡು ರೋಗಿಗಳ ಕೈಹಿಡಿತದ ಬಲವನ್ನೂ, ಅವರು ಅಧ್ಯಯನಕ್ಕೆ ಸೇರಿದ ಸರಿಯಾಗಿ ನಲವತ್ತೆರಡನೆಯ ದಿನವೇ ಅಳೆಯಲಾಗಿದೆ ಎಂದು ನಮೂನೆಗಳು ಹೇಳುತ್ತಿದ್ದವು. ಮೊದಲ ಐವತ್ತು ಹಾಳೆ ಮಗುಚುವಾಗ, ಅಧ್ಯಯನದ ಅಂಕಿಅಂಶ ನೋಡಿಕೊಳ್ಳುತ್ತಿದ್ದ ಲೆಕ್ಕದವರಿಗೆ ಸಂತೋಷವಾಯಿತು. ನೂರು ದಾಟಿದಾಗ ಹುಬ್ಬು ಗಂಟಿಕ್ಕಿತು. ಕೊನೆಯ ಹಾಳೆ ಮುಗಿಯುವಷ್ಟರಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಜ್ವರ ಬಂದು ಮಲಗಿದವರು, ಮಗಳ ಮನೆಗೆ ಹೋದವರು, ಬಾಗಿಲನ್ನೇ ತೆರೆಯದವರು, ಇಷ್ಟು ಜನರಲ್ಲಿ ಒಬ್ಬರಾದರೂ ಇರಬೇಡವೇ?

ಪಾರ್ಶ್ವವಾಯು ಬಡಿದು ಕೈ ಸೋತವರ ಅಧ್ಯಯನವದು. ಅರ್ಧ ಜನರಿಗೆ ಆಸ್ಪತ್ರೆಯ ಒಂದು ಕೋಣೆಯಲ್ಲಿ ಹೊಸ ವ್ಯಾಯಾಮ, ಉಳಿದವರಿಗೆ ವಾಡಿಕೆಯ ಆರೈಕೆ. ಪ್ರತಿಯೊಬ್ಬರನ್ನೂ ಎರಡು ವರ್ಷ ಗಮನಿಸಬೇಕು. ಆರು ತಿಂಗಳಿಗೊಮ್ಮೆ ಅಳೆದರೆ ಸಾಕೆಂದು ಮುಖ್ಯ ಡಾಕ್ಟರು ಹೇಳಿದ್ದರು. ಅದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ಲೆಕ್ಕದವರು ಜಗಳ ತೆಗೆದು, ನಲವತ್ತೆರಡನೆಯ ದಿನದ ಅಳತೆಯೊಂದನ್ನು ಸೇರಿಸಿದ್ದರು. ಈಗ ಅದರಲ್ಲೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುತ್ತಿರಲಿಲ್ಲ. ಕಾಣದಿದ್ದರೆ ಸೋಮವಾರ ಸಮಿತಿ ಸೇರಿ ವ್ಯಾಯಾಮದ ಕೋಣೆಗೆ ಬೀಗ ಹಾಕುವುದು ಖಚಿತವಾಗಿತ್ತು.

ಮನೆಮನೆಗೆ ಹೋಗಿ ಅಳೆದವಳು ಲೆಕ್ಕದವರ ಸ್ವಂತ ತಂಗಿ, ನಿವೃತ್ತ ನರ್ಸು. ಲೆಕ್ಕದವರು ನಮೂನೆಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಅವಳ ಮನೆಗೆ ಹೋದಾಗ ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು.

"ಎಲ್ಲರನ್ನೂ ನಲವತ್ತೆರಡನೇ ದಿನಾನೇ ನೋಡಿದ್ಯಾ?"

"ನೀನು ಕೇಳಿದ್ದು ಅದೇ ತಾನೆ ಅಣ್ಣ?"

"ನಾನು ಅಳೆಯೋಕೆ ಹೇಳಿದ್ದು. ಕತೆ ಬರೆಯೋಕಲ್ಲ."

ಅವಳು ತಲೆಯೆತ್ತದೆ ವಿವರಿಸಿದಳು. ಮೊದಲ ತಿಂಗಳು ಇದ್ದದ್ದನ್ನು ಇದ್ದಂತೆ ಬರೆದಿದ್ದಳು: ಮೂವತ್ತೊಂಬತ್ತು, ನಲವತ್ತೈದು. ಅಣ್ಣ ಆ ಹನ್ನೊಂದು ನಮೂನೆಗಳ ಮೇಲೂ 'ಅಮಾನ್ಯ' ಎಂದು ಬರೆದು ಹಿಂದಕ್ಕೆ ಕಳಿಸಿದ್ದರು. ಅಂದಿನಿಂದ ಅವಳು ಬೀದಿಗೊಂದು ದಿನ ಇಟ್ಟುಕೊಂಡಳು. ಆ ಬೀದಿಯವರಿಗೆಲ್ಲ ಅದೇ ದಿನ ಅಳತೆ, ಅದು ಒಬ್ಬರಿಗೆ ಇಪ್ಪತ್ತನೆಯದಾಗಿರಲಿ, ಇನ್ನೊಬ್ಬರಿಗೆ ಎಪ್ಪತ್ತನೆಯದಾಗಿರಲಿ. ನಮೂನೆಯಲ್ಲಿ ಮಾತ್ರ ಅಣ್ಣ ಗೊತ್ತುಮಾಡಿದ ತಾರೀಕು.

"ಕಾಲು ನಂದು, ದಿನ ನಿಂದು," ಎಂದಳು. "ನಿನ್ನ ದಿನಕ್ಕೆ ಮರ್ಯಾದೆ ಕೊಟ್ಟೆ."

"ಮೂರು ವರ್ಷದ ಕೆಲಸಕ್ಕೆ ಕಲ್ಲು ಹಾಕಿದೆಯಲ್ಲೇ."

"ಹಾಕಿದ್ದು ನಾನಿರಬಹುದು. ಕಲ್ಲು ತಂದುಕೊಟ್ಟಿದ್ದು ಯಾರು?"

ಲೆಕ್ಕದವರು ಕುರ್ಚಿ ಎಳೆದು ಕೂತರು. ನಿಜವಾಗಿ ಯಾರ ಮನೆಗೆ ಯಾವತ್ತು ಹೋಗಿದ್ದೆ ಎಂಬುದಾದರೂ ನೆನಪಿದೆಯೇ ಎಂದು, ಆಸೆಯಿಲ್ಲದ ದನಿಯಲ್ಲಿ ಕೇಳಿದರು.

"ನೆನಪು ಯಾಕೆ? ಬರೆದಿಟ್ಟಿದ್ದೀನಿ. ಬರೆದಿಡದೆ ಇರೋಕೆ ನಾನೇನು ಡಾಕ್ಟರಾ?"

ಮೂವತ್ತು ವರ್ಷ ವಾರ್ಡಿನಲ್ಲಿ ಪಾಳಿ ಒಪ್ಪಿಸಿದವಳ ಕೈ ಅದು. ಯಾರ ನಾಡಿ ಮುಟ್ಟಿದರೂ ತಾರೀಕು, ಗಂಟೆ ಗೀಚದೆ ಬಿಟ್ಟದ್ದಿಲ್ಲ. ಒಳಗಿನಿಂದ ಮೂರು ಡೈರಿಗಳು ಬಂದವು.

ಶನಿವಾರ, ಭಾನುವಾರ ಎರಡೂ ದಿನ ಅವಳು ಓದಿದಳು, ಅವರು ಬರೆದುಕೊಂಡರು. ಅವಳಿಗೆ ಬರೀ ತಾರೀಕು ಓದಿ ಅಭ್ಯಾಸವಿಲ್ಲ. ಒಬ್ಬರ ಸೊಸೆ ಮಾತು ಬಿಟ್ಟದ್ದು, ಇನ್ನೊಬ್ಬರ ಮೆಟ್ಟಿಲು ಮುರಿದದ್ದು, ಎಲ್ಲವೂ ಬಂತು.

"ಇವರ ನಾಯಿ ನನ್ನ ಕಚ್ಚೋಕೆ ಬಂದಿತ್ತು."

"ದಿನ ಹೇಳು."

"ಐವತ್ತೊಂದು. ನಾಯಿನೂ ಬರ್ಕೋ."

ಭಾನುವಾರ ಮಧ್ಯಾಹ್ನ ಲೆಕ್ಕದವರು ಚೌಕುಳಿ ಹಾಳೆಯ ಮೇಲೆ ರೋಗಿಗೊಂದರಂತೆ ಚುಕ್ಕೆಗಳನ್ನಿಟ್ಟರು, ಅಡ್ಡಕ್ಕೆ ದಿನ, ಉದ್ದಕ್ಕೆ ಹಿಡಿತ. ಹದಿನೇಳನೆಯ ದಿನದಿಂದ ಎಪ್ಪತ್ತನಾಲ್ಕರವರೆಗೆ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿದ್ದವು. ಆದರೆ ಅವುಗಳ ನಡುವೆ ಎರಡು ದಾರಿಗಳು ಸ್ಪಷ್ಟವಾಗಿದ್ದವು. ಇಪ್ಪತ್ತರಿಂದ ಮೂವತ್ತೈದರವರೆಗೆ ವ್ಯಾಯಾಮ ಮಾಡಿದವರ ಹಿಡಿತ ಬಹಳ ಮೇಲಿತ್ತು. ಆಮೇಲೆ ಉಳಿದವರು ಮೆಲ್ಲನೆ ಹತ್ತಿಬಂದು, ನಲವತ್ತರ ಆಚೆಈಚೆ ಅವರನ್ನು ಕೂಡಿಕೊಂಡಿದ್ದರು. ಮೂರು ಸಲ ಲೆಕ್ಕ ಹಾಕಿದರೂ ಅಷ್ಟೇ. ಅಳೆದರೆ ಏನೂ ಕಾಣದ ದಿನವನ್ನೇ ಹುಡುಕಿ ಆರಿಸಿದ್ದರು ಅವರು. ತಾವು ಹೇಳಿದ ಮಾತನ್ನು ತಂಗಿ ಕೇಳಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಸುಳ್ಳು ಬರೆದದ್ದಕ್ಕಿಂತ ಈ ಸಂಗತಿಗೇ ಅವರಿಗೆ ಹೆಚ್ಚು ಸಿಟ್ಟು ಬಂತು.

"ಕೊನೆಗೆ ಎಲ್ಲರೂ ಒಂದೇ ಕಡೆ ಸೇರ್ತಾರೆ," ಎಂದು ಗೊಣಗಿದರು.

"ಮೂರು ವಾರ ಮುಂಚೆ ತನ್ನ ತುತ್ತು ತಾನೇ ಎತ್ತೋದು ನಿನ್ನ ಲೆಕ್ಕದಲ್ಲಿ ಬರಲ್ವಾ ಅಣ್ಣ?"

ಸೋಮವಾರ ಅವರು ಸಮಿತಿಯ ಮುಂದೆ ನಿಂತು, ನಮೂನೆಯ ತಾರೀಕುಗಳು ಸುಳ್ಳೆಂದೂ, ನಿಜ ಬರೆದವುಗಳನ್ನು ತಾವೇ ತಿರಸ್ಕರಿಸಿದ್ದರಿಂದ ಹಾಗಾಯಿತೆಂದೂ ಹೇಳಿ ಡೈರಿಗಳನ್ನು ಮೇಜಿನ ಮೇಲಿಟ್ಟರು. ಮುಖ್ಯ ಡಾಕ್ಟರು ಹಣೆ ಚಚ್ಚಿಕೊಂಡರು. ಎರಡು ಗಂಟೆ ವಾದವಾಯಿತು. ಕೋಣೆ ಇನ್ನೊಂದು ವರ್ಷ ತೆರೆದಿರಲಿ, ಹೊಸ ರೋಗಿಗಳನ್ನು ಸೇರಿಸಿಕೊಂಡು ಮತ್ತೆ ಅಳೆಯಲಿ ಎಂದು ತೀರ್ಮಾನವಾಯಿತು. ದಿನ ಗೊತ್ತುಮಾಡುವ ಕೆಲಸವನ್ನು ಮಾತ್ರ ಲೆಕ್ಕದವರಿಂದ ಕಿತ್ತು ಬೇರೊಬ್ಬರಿಗೆ ಕೊಟ್ಟರು.

ವಾರದ ಮೇಲೆ ತಂಗಿ ಒಂದು ಕಾಗದ ಹಿಡಿದು ಬಂದು ಅವರ ಕೈಗಿತ್ತಳು. ದಿನ ಗೊತ್ತುಮಾಡುವ ಹೊಸಬರ ಮೊದಲ ಆದೇಶ: ಎಲ್ಲರನ್ನೂ ಮೂವತ್ತನೆಯ ದಿನವೇ ಅಳೆಯತಕ್ಕದ್ದು, ಒಂದು ದಿನ ಹೆಚ್ಚುಕಡಿಮೆಯಾದರೂ ನಮೂನೆಯನ್ನು ಸ್ವೀಕರಿಸಲಾಗುವುದಿಲ್ಲ.

ಲೆಕ್ಕದವರು ಎರಡು ಸಲ ಓದಿದರು. ಆಮೇಲೆ ಚೌಕುಳಿ ಹಾಳೆಯನ್ನು ಸುರುಳಿ ಸುತ್ತಿ, ಚಪ್ಪಲಿ ಮೆಟ್ಟಿ, ಆ ಹೊಸಬರನ್ನು ಹುಡುಕಿಕೊಂಡು ಮತ್ತೆ ಆಸ್ಪತ್ರೆಯ ದಾರಿ ಹಿಡಿದರು.